ಕವಚದ ಅಂಕಿ, ಕುಲುಮೆಯ ಉಕ್ಕು

ಕಲ್ಪಿತ ಲೋಕವೊಂದರ ಪಾತ್ರವನ್ನು ಆಟಗಾರನು ವಹಿಸಿಕೊಂಡು, ಕಾದಾಡಿ, ಗಳಿಸಿ, ಬಲಿಯುತ್ತ ಹೋಗುವ ವಿಡಿಯೋ ಆಟಗಳನ್ನು ರೋಲ್‌ಪ್ಲೇಯಿಂಗ್ ಆಟಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಪಾತ್ರದ ಜೀವವನ್ನು ಹೆಲ್ತ್ ಎಂಬ ಅಂಕಿ, ಆಯುಧದ ಪೆಟ್ಟನ್ನು ಡ್ಯಾಮೇಜ್ ಎಂಬ ಅಂಕಿ, ಕವಚದ ತಡೆಯನ್ನು ಆರ್ಮರ್ ಎಂಬ ಅಂಕಿ ತೋರಿಸುತ್ತವೆ. ಕುಡಿದೊಡನೆ ಜೀವ ತುಂಬುವ ಇಲ್ಲವೇ ಸ್ವಲ್ಪ ಹೊತ್ತು ಶಕ್ತಿ ಹೆಚ್ಚಿಸುವ ಮದ್ದಿಗೆ ಪೋಷನ್ ಎಂದು ಹೆಸರು. ಅದಿರು, ತೊಗಲು, ಬೇರು, ನಾಣ್ಯಗಳನ್ನು ತೆತ್ತು ಈ ಅಂಕಿಗಳನ್ನು ಏರಿಸಿಕೊಳ್ಳುವುದೇ ಅಪ್‌ಗ್ರೇಡ್. ಇಲ್ಲಿ ಅದನ್ನು ಬಲವರ್ಧನೆ ಎನ್ನಲಾಗಿದೆ.

ಈ ಪದ್ಧತಿ ಗಣಕಕ್ಕಿಂತ ಮೊದಲು ಕಾಗದದ ಮೇಲೆ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದಾಟದಲ್ಲಿಯೇ ಕತ್ತಿಯ ಹೆಸರಿನ ಮುಂದೆ ಕೂಡುಚಿಹ್ನೆ ಇಟ್ಟು 1, 2, 3 ಎಂದು ಬರೆಯುವ ರೂಢಿ ಕಾಣಿಸಿಕೊಂಡಿತು. ಇಪ್ಪತ್ತು ಮುಖದ ದಾಳಕ್ಕೆ ಒಂದು ಅಂಕ ಕೂಡಿದರೆ ಪೆಟ್ಟು ತಗಲುವ ಸಂಭವ ನೂರಕ್ಕೆ ಐದರಷ್ಟು ಹೆಚ್ಚುತ್ತದೆ, ಅಷ್ಟೇ. ಆ ಆಟದಲ್ಲಿ ಕವಚವು ಪೆಟ್ಟಿನ ಬಿರುಸನ್ನು ತಗ್ಗಿಸುತ್ತಿರಲಿಲ್ಲ, ಪೆಟ್ಟು ತಗಲಿತೋ ತಪ್ಪಿತೋ ಎಂಬುದನ್ನಷ್ಟೇ ತೀರ್ಮಾನಿಸುತ್ತಿತ್ತು. ಮುಂದೆ 1990ರ ದಶಕದ ಡಯಾಬ್ಲೊ, 2011ರ ಸ್ಕೈರಿಮ್ ಮತ್ತು ಡಾರ್ಕ್ ಸೋಲ್ಸ್ ಮೊದಲಾದ ಆಟಗಳು ಕಮ್ಮಾರನ ಅಂಗಡಿ, ಸಾಣೆಕಲ್ಲು, ಮದ್ದಿನ ಮೇಜು ಎಲ್ಲವನ್ನೂ ತೆರೆಯ ಮೇಲೆ ತಂದವು. ಆದರೆ ಒಳಗೆ ನಡೆಯುವುದು ಇಂದಿಗೂ ಅಂಕಗಣಿತವೇ. ಹೊಸಬರು ಎಡವುವುದು ಕತ್ತಿಯ ಲೆಕ್ಕದಲ್ಲಲ್ಲ, ಕವಚದ ಲೆಕ್ಕದಲ್ಲಿ. ಕತ್ತಿಯ ಅಂಕಿ ಇಮ್ಮಡಿಯಾದರೆ ಪೆಟ್ಟು ಸಾಮಾನ್ಯವಾಗಿ ಇಮ್ಮಡಿಯಾಗುತ್ತದೆ. ಕವಚದ ಅಂಕಿ ಇಮ್ಮಡಿಯಾದರೆ ಏನಾಗುತ್ತದೆ ಎಂಬುದು ಆಟ ಕಟ್ಟಿದವರು ಆರಿಸಿಕೊಂಡ ಸೂತ್ರವನ್ನು ಅವಲಂಬಿಸಿದೆ, ಆ ಸೂತ್ರವನ್ನೋ ತೆರೆಯ ಮೇಲೆ ಸಾಮಾನ್ಯವಾಗಿ ಬರೆದು ತೋರಿಸುವುದಿಲ್ಲ.

ಬಹುಪಾಲು ಆಟಗಳಲ್ಲಿ ಕಾಣುವ ಸೂತ್ರಗಳು ಮೂರು ಬಗೆಯವು. ಸರಳವಾದದ್ದು ಕಳೆಯುವ ಸೂತ್ರ: 50 ಅಂಕದ ಪೆಟ್ಟಿಗೆ 20 ಅಂಕದ ಕವಚ ಅಡ್ಡ ಬಂದರೆ 30 ಮಾತ್ರ ಮೈಗೆ ತಾಗುತ್ತದೆ. ಸಣ್ಣ ಪೆಟ್ಟುಗಳನ್ನು ಮೇಲಿಂದ ಮೇಲೆ ಕೊಡುವ ವೈರಿಯ ಮುಂದೆ ಇಂಥ ಕವಚಕ್ಕೆ ಎಣೆಯಿಲ್ಲ, ಒಂದೇ ಏಟಿಗೆ 500 ಅಂಕ ಕೀಳುವ ರಾಕ್ಷಸನ ಮುಂದೆ ಅದು ಇದ್ದೂ ಇಲ್ಲದಂತೆ. ಎರಡನೆಯದು ನೇರ ಶೇಕಡಾ ಸೂತ್ರ. ಸ್ಕೈರಿಮ್‌ನಲ್ಲಿ ಕವಚದ ಅಂಕಿ ಏರಿದಷ್ಟೂ ತಡೆಯ ಶೇಕಡಾವಾರು ಸಮನಾಗಿ ಏರುತ್ತ ಹೋಗಿ, ಪೂರ್ಣ ಕವಚ ತೊಟ್ಟವನಿಗೆ 567ರಲ್ಲಿ ಶೇ. 80ನ್ನು ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. ಈ ಗಡಿ ಕೃಪಣತನದಿಂದ ಹಾಕಿದ್ದಲ್ಲ. ಸೊನ್ನೆಯಿಂದ ಶೇ. 10ಕ್ಕೆ ಏರಿದವನಿಗೆ ನೂರರ ಪೆಟ್ಟು ತೊಂಬತ್ತಾಗುತ್ತದೆ, ಎಂದರೆ ಪೆಟ್ಟಿನ ಹತ್ತರಲ್ಲೊಂದು ಪಾಲು ತಪ್ಪಿತು, ಶೇ. 70ರಿಂದ ಶೇ. 80ಕ್ಕೆ ಏರಿದವನಿಗೆ ಮೂವತ್ತರ ಪೆಟ್ಟು ಇಪ್ಪತ್ತಕ್ಕೆ ಇಳಿಯುತ್ತದೆ, ಎಂದರೆ ಮೂರರಲ್ಲೊಂದು ಪಾಲು ತಪ್ಪಿತು. ಅದೇ ಹತ್ತು ಅಂಕ ಮೇಲೆ ಹೋದಂತೆ ಹೆಚ್ಚು ಬೆಲೆಬಾಳುತ್ತದೆ, ತಡೆಯದೆ ಬಿಟ್ಟರೆ ಶೇ. 100ರಲ್ಲಿ ಪಾತ್ರ ಚಿರಂಜೀವಿಯಾಗಿ ಆಟವೇ ಮುಗಿಯುತ್ತದೆ.

ಮೂರನೆಯದು ಭಾಗಾಕಾರದ ಸೂತ್ರ, ಇದರಲ್ಲಿಯೇ ಎಲ್ಲರೂ ಬೀಳುವ ಹಳ್ಳವಿದೆ. 2004ರಲ್ಲಿ ಹೊರಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೊದಲ ರೂಪದಲ್ಲಿ 60ನೆಯ ಮಟ್ಟದ ವೈರಿಯೆದುರು ಕವಚದ ತಡೆಯನ್ನು ಹೀಗೆ ಲೆಕ್ಕ ಹಾಕುತ್ತಿದ್ದರು: ಕವಚದ ಅಂಕಿಯನ್ನು, ಅದೇ ಅಂಕಿಗೆ 5500 ಕೂಡಿಸಿ ಬಂದ ಮೊತ್ತದಿಂದ ಭಾಗಿಸುವುದು. 5500ರ ಕವಚಕ್ಕೆ ತಡೆ ಶೇ. 50. ಇನ್ನೊಂದು 5500 ಕೂಡಿಸಿ 11000 ಮಾಡಿದರೆ ತಡೆ ಶೇ. 66.7. ಮತ್ತೊಂದು 5500 ಕೂಡಿಸಿ 16500 ಮಾಡಿದರೆ ಶೇ. 75. ಮೊದಲ ಕಂತಿಗೆ ಐವತ್ತು ಬಂತು, ಎರಡನೆಯದಕ್ಕೆ ಹದಿನಾರು ಚಿಲ್ಲರೆ, ಮೂರನೆಯದಕ್ಕೆ ಎಂಟು ಚಿಲ್ಲರೆ. ಆದ್ದರಿಂದ ಇನ್ನು ಕವಚಕ್ಕೆ ಸುರಿಯುವುದು ದಂಡ ಎಂದು ಆಟಗಾರನು ನಿರ್ಣಯಿಸುತ್ತಾನೆ. ಈ ನಿರ್ಣಯ ನೋಡಲು ಎಷ್ಟು ಸಮಂಜಸವಾಗಿದೆಯೆಂದರೆ ಲೆಕ್ಕ ಬಲ್ಲವರೂ ಇದಕ್ಕೆ ತಲೆದೂಗಿಬಿಡುತ್ತಾರೆ.

ಕಾದಾಡುವವನಿಗೆ ಬೇಕಾದದ್ದು ಶೇಕಡಾವಾರಲ್ಲ. ತಾನು ಎಷ್ಟು ಪೆಟ್ಟು ತಿಂದು ನಿಲ್ಲಬಲ್ಲೆ ಎಂಬುದು. ಪಾತ್ರದ ಜೀವ 4000 ಎಂದೂ ವೈರಿಯ ಪೆಟ್ಟು 100 ಎಂದೂ ಇಟ್ಟುಕೊಂಡರೆ, ಬರಿಮೈಯಲ್ಲಿ ನಿಂತವನು 40 ಪೆಟ್ಟಿಗೆ ಬೀಳುತ್ತಾನೆ. ಶೇ. 50ರ ತಡೆಯಲ್ಲಿ ಪ್ರತಿ ಪೆಟ್ಟು 50ಕ್ಕೆ ಇಳಿಯುವುದರಿಂದ 80 ಪೆಟ್ಟು ಬೇಕು, ಶೇ. 66.7ರಲ್ಲಿ 120, ಶೇ. 75ರಲ್ಲಿ 160. ನಲವತ್ತು, ಎಂಬತ್ತು, ನೂರಿಪ್ಪತ್ತು, ನೂರರವತ್ತು: ಕವಚದ ಪ್ರತಿ ಕಂತಿಗೂ ಸರಿಯಾಗಿ ನಲವತ್ತು ಪೆಟ್ಟಿನ ಆಯುಸ್ಸು ಸೇರುತ್ತಿದೆ, ಕುಸಿತವೆಂಬುದು ಎಲ್ಲಿಯೂ ಇಲ್ಲ. ಕಣ್ಣಿಗೆ ಕಂಡ ಕುಸಿತ ಶೇಕಡಾ ಎಂಬ ಅಳತೆಗೋಲಿನದು, ಕವಚದ್ದಲ್ಲ. ಇದರ ಬೆನ್ನಿಗೇ ಇನ್ನೊಂದು ಫಲವೂ ಇದೆ. 500 ಅಂಕ ಜೀವ ತುಂಬುವ ಮದ್ದನ್ನು ಬರಿಮೈಯವನು ಕುಡಿದರೆ ಐದು ಪೆಟ್ಟು ತಡೆದುಕೊಳ್ಳುತ್ತಾನೆ, ಶೇ. 75ರ ಕವಚ ತೊಟ್ಟವನು ಅದನ್ನೇ ಕುಡಿದರೆ ಇಪ್ಪತ್ತು ಪೆಟ್ಟು ತಡೆದುಕೊಳ್ಳುತ್ತಾನೆ. ಕವಚ ಬಲಿತಂತೆ ಜೋಳಿಗೆಯಲ್ಲಿದ್ದ ಮದ್ದು ತಾನೇ ತಾನಾಗಿ ಬಲಿಯಿತು, ಅದಕ್ಕಾಗಿ ಒಂದು ಬೇರನ್ನೂ ಅರೆಯಬೇಕಾಗಲಿಲ್ಲ.

ಅದೃಷ್ಟದ ಮೇಲೆ ನಿಂತ ಬಲವರ್ಧನೆಯ ಬಗ್ಗೆ ಎರಡು ಮಾತು ಸಾಕು. 1998ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹೊರಬಂದ ಲಿನಿಯೇಜ್ ಆಟ ಒಂದು ಹಂತ ದಾಟಿದ ಮೇಲೆ ಬಲವರ್ಧನೆ ವಿಫಲವಾದರೆ ಆಯುಧವೇ ಇಲ್ಲವಾಗುವ ನಿಯಮವನ್ನು ಜನಪ್ರಿಯಗೊಳಿಸಿತು. ನಾಲ್ಕರಲ್ಲೊಂದು ಸಲ ಫಲಿಸುವ ಪ್ರಯತ್ನವನ್ನು ನಾಲ್ಕು ಸಲ ಮಾಡಿದರೆ ಗೆಲುವು ಖಚಿತ ಎಂಬ ನಂಬಿಕೆ ತಪ್ಪು. ಹಾಗೆ ಮಾಡಿದ ನೂರು ಮಂದಿಯಲ್ಲಿ ಸುಮಾರು 32 ಮಂದಿ ನಾಲ್ಕೂ ಸಲ ಸೋಲುತ್ತಾರೆ, ಹತ್ತು ಸಲ ಮಾಡಿದರೂ ಆರು ಮಂದಿಯ ಹತ್ತಿರ ಬರಿಗೈಯಲ್ಲಿ ಉಳಿಯುತ್ತಾರೆ. ಇಂಥ ಪ್ರಯತ್ನಗಳಿಗೆ ನಿಜವಾದ ಹಣ ತೆರುವ ಪದ್ಧತಿ ಬೆಳೆದದ್ದರಿಂದ, ಹಣ ಕೊಟ್ಟು ಕೊಳ್ಳುವ ಅದೃಷ್ಟದ ವಸ್ತುಗಳ ಸಂಭವಗಳನ್ನು ಕಂಪನಿಗಳು ಬಹಿರಂಗಪಡಿಸಬೇಕೆಂಬ ಕಾನೂನು ಅದೇ ಕೊರಿಯಾದಲ್ಲಿ 2024ರ ಮಾರ್ಚ್ 22ರಿಂದ ಜಾರಿಗೆ ಬಂದಿತು.

ಇನ್ನು ಆಯುಧಕ್ಕೆ ಬರಬೇಕು. ಆಯುಧದ ವಿಷಯದಲ್ಲಿ ಆಟಗಳ ಕಲ್ಪನೆ ಎಲ್ಲಿ ನಿಜಕ್ಕೆ ಹತ್ತಿರ, ಎಲ್ಲಿ ದೂರ ಎಂಬುದನ್ನು ತಿಳಿಯಲು ಮೂಸೆಯ ಉಕ್ಕಿಗೆ ಹೆಸರಾದ ದಖ್ಖಣಕ್ಕಿಂತ ಒಳ್ಳೆಯ ನೆಲವಿಲ್ಲ. ಸ್ಕೈರಿಮ್‌ನಲ್ಲಿ ಸಿದ್ಧವಾದ ಕತ್ತಿಯನ್ನು ಸಾಣೆಕಲ್ಲಿಗೆ ಒಯ್ದು ಒಂದು ಲೋಹದ ಗಟ್ಟಿಯನ್ನು ತೆತ್ತರೆ ಕತ್ತಿ ಬಲಿಯುತ್ತದೆ. ನಿಜದ ಸಾಣೆ ಲೋಹವನ್ನು ಕೂಡಿಸುವುದಿಲ್ಲ, ತಿನ್ನುತ್ತದೆ. ಸಾಣೆ ಹಿಡಿದ ಕತ್ತಿ ಕಳೆದುಕೊಂಡ ಮೊನೆಯನ್ನು ಮರಳಿ ಪಡೆಯುತ್ತದೆಯೇ ಹೊರತು ಇಲ್ಲದ ಗುಣವನ್ನು ಪಡೆಯುವುದಿಲ್ಲ. ಕತ್ತಿಯ ಯೋಗ್ಯತೆಯ ಬಹುಪಾಲು ಅದು ಕತ್ತಿಯಾಗುವ ಮೊದಲೇ, ಮೂಸೆಯೊಳಗೆ, ಕಬ್ಬಿಣಕ್ಕೆ ಎಷ್ಟು ಇಂಗಾಲ ಸೇರಿತು ಎಂಬುದರಲ್ಲಿ ನಿಶ್ಚಯವಾಗಿರುತ್ತದೆ.

ಆ ಇಂಗಾಲವನ್ನು ಒದಗಿಸುತ್ತಿದ್ದ ಗಿಡಗಳಲ್ಲಿ ತಂಗಡಿಯೂ ಒಂದು. ತೆಲಂಗಾಣದ ನಾರ್ವ, ಮಕ್ತಲ್, ನಾರಾಯಣಪೇಟೆಗಳ ಕಡೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಹಳದಿ ಹೂ ಬತುಕಮ್ಮ ಹಬ್ಬದಲ್ಲಿ ಪೇರಿಸುವ ಹೂಗಳಲ್ಲಿ ಮುಖ್ಯವಾದದ್ದು, ಇಂದು ತೆಲಂಗಾಣದ ರಾಜ್ಯಪುಷ್ಪ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದಾಗ ಕಂಡ ಉಕ್ಕಿನ ತಯಾರಿಕೆಯಲ್ಲಿ ಮೆದುಕಬ್ಬಿಣದ ತುಂಡುಗಳ ಜೊತೆ ಇದೇ ತಂಗಡಿಯ ಕಡ್ಡಿಗಳನ್ನೂ ಬೇರೊಂದು ಸಸ್ಯದ ಹಸಿರೆಲೆಗಳನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಕಾಸುತ್ತಿದ್ದರು. ತೆಲಂಗಾಣದಲ್ಲಿ ಈ ಕಸುಬಿನ ಹೆಸರಾಂತ ನೆಲೆ ಇಂದಿನ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ. ಅಲ್ಲಿನ ವಿಧಾನವನ್ನು ಭೂವಿಜ್ಞಾನಿ ಹೆನ್ರಿ ವಾಯ್ಸಿ ನೋಡಿ ಬರೆದದ್ದು ಅವನು ತೀರಿಕೊಂಡ ಮೇಲೆ 1832ರಲ್ಲಿ ಅಚ್ಚಾಯಿತು. ಆ ಉಕ್ಕಿಗಾಗಿ ಪರ್ಷಿಯಾದ ಇಸ್ಫಹಾನಿನಿಂದ ವ್ಯಾಪಾರಿಗಳು ಬರುತ್ತಿದ್ದರೆಂಬ ಸಂಗತಿಯೂ ಅದರಲ್ಲಿದೆ. ತೆಲಂಗಾಣದ ಮೂಸೆಗಳ ಮಣ್ಣಿಗೆ ಭತ್ತದ ಹೊಟ್ಟು ಬೆರೆಸುತ್ತಿದ್ದರು. ಹೊಟ್ಟು ಸುಟ್ಟ ಮೇಲೂ ಅದರ ಸಿಲಿಕಾ ಉಳಿದು ಅಷ್ಟು ಕಾವಿನಲ್ಲೂ ಮೂಸೆ ಕುಸಿಯದಂತೆ ಹಿಡಿದು ನಿಲ್ಲಿಸುತ್ತಿತ್ತು.

ಕಬ್ಬಿಣ, ತಂಗಡಿ, ಎಲೆ, ಬೆಂಕಿ ಎಂಬ ಈ ಪಟ್ಟಿಯನ್ನು ಓದಿದವರಿಗೆ ಆಟದ ಪಾಕವಿಧಾನವೇ ಕಣ್ಮುಂದೆ ಬರುತ್ತದೆ, ತಂಗಡಿಯಲ್ಲಿ ಏನೋ ಮಹಿಮೆಯಿದೆ ಎಂದೂ ತೋರುತ್ತದೆ. ಮಹಿಮೆಯಿರುವುದು ಕಡ್ಡಿ ಇದ್ದಲಾದಾಗ ಉಳಿಯುವ ಇಂಗಾಲದಲ್ಲಿ. ಮೆದುಕಬ್ಬಿಣದಲ್ಲಿ ಇಂಗಾಲ ಶೇ. 0.1ಕ್ಕಿಂತ ಕಡಿಮೆ, ಮೂಸೆಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2, ಅದಕ್ಕೂ ಮೇಲೆ ಹೋದರೆ ಅದು ಎರಕದ ಕಬ್ಬಿಣ, ಸುತ್ತಿಗೆ ಬಿದ್ದರೆ ಒಡೆಯುವಂಥದು. ಇಂಗಾಲ ಏರಿದಂತೆ ಗಡಸುತನ ಏರುತ್ತದೆ, ಗಡಸಾದಂತೆ ಪೆಟ್ಟನ್ನು ಬಾಗಿ ತಾಳುವ ಗುಣ ಇಳಿಯುತ್ತದೆ; ಒಂದನ್ನು ಪಡೆಯಲು ಇನ್ನೊಂದನ್ನು ಕೊಡಬೇಕಾದ ಈ ವ್ಯವಹಾರವನ್ನು ಒಂದೇ ಅಂಕಿಯಲ್ಲಿ ಬರೆಯಲಾಗದು. ಆಟದ ಕಮ್ಮಾರನಿಗೆ ಹತ್ತನೆಯ ಹಂತ ಒಂಬತ್ತನೆಯದಕ್ಕಿಂತ ಯಾವಾಗಲೂ ಮೇಲು, ದಖ್ಖಣದ ಕಮ್ಮಾರನಿಗೆ ಹಾಗಿರಲಿಲ್ಲ. ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ 1794ರಲ್ಲಿ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ ಮೇಲೆ ಅದನ್ನು ಕೈಗೆತ್ತಿಕೊಂಡ ಯುರೋಪಿನ ಕಮ್ಮಾರರು ತಮ್ಮ ಉಕ್ಕಿಗೆ ಒಗ್ಗಿದ ಕಾವಿನಲ್ಲಿ ಬಡಿದಾಗ ಅದು ಪುಡಿಯಾಗುತ್ತಿತ್ತು, ಏಕೆಂದರೆ ಇಂಗಾಲ ಹೆಚ್ಚಿದ ಉಕ್ಕು ಕಡಿಮೆ ಕಾವಿಗೇ ಒಳಗೊಳಗೆ ಕರಗತೊಡಗುತ್ತದೆ. ಕೆಂಬಣ್ಣದ ಒಂದು ಕಿರಿದಾದ ಮಿತಿಯೊಳಗೆ ಮಾತ್ರ ಅದು ಸುತ್ತಿಗೆಗೆ ಮಣಿಯುತ್ತದೆ. ಮೈಕೆಲ್ ಫ್ಯಾರಡೆಯಂಥವನೂ 1820ರ ಆಸುಪಾಸಿನಲ್ಲಿ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಇದನ್ನು ಪರೀಕ್ಷಿಸಿ, ಇದರ ಗುಣಕ್ಕೆ ಅಲ್ಯುಮಿನಿಯಂ ಅಂಶವೇ ಕಾರಣವಿರಬೇಕೆಂದು ದಾರಿ ತಪ್ಪಿದನು.

ಹಾಗೆಂದು ಆಟಗಳನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಇಂಥದೇ ಬೆಟ್ಟದ ಅದಿರು ತಂದರೆ ಮಾತ್ರ ಕತ್ತಿ ಬಲಿಯುತ್ತದೆ ಎಂಬ ಆಟಗಳ ನಿಯಮ ಬರೀ ಅಲೆದಾಡಿಸುವ ತಂತ್ರವೆಂದು ತೋರಬಹುದು. ಆದರೆ ಲೋಹವಿಜ್ಞಾನಿ ಜಾನ್ ವೆರ್‌ಹೋವನ್ ಮತ್ತು ಕತ್ತಿ ತಯಾರಕ ಆಲ್ಫ್ರೆಡ್ ಪೆಂಡ್ರೆ 1998ರಲ್ಲಿ ತೋರಿಸಿದಂತೆ, ಇಂಥ ಉಕ್ಕಿನ ಕತ್ತಿಯ ಮೈಮೇಲೆ ಕಾಣುವ ನೀರಲೆಯ ವಿನ್ಯಾಸಕ್ಕೆ ಅದಿರಿನಿಂದ ಬಂದ ವನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ಕಾರಣ. ಅದಿಲ್ಲದ ಗಣಿಯ ಕಬ್ಬಿಣದಲ್ಲಿ ಎಷ್ಟು ಕುಶಲಿ ಬಡಿದರೂ ಅಲೆ ಮೂಡುವುದು ಕಷ್ಟ.

ಮದ್ದಿನ ವಿಷಯದಲ್ಲಿ ಸ್ಕೈರಿಮ್ ಒಂದು ಪ್ರಸಿದ್ಧ ಪಾಠ ಕಲಿಸಿತು. ಆ ಆಟದ ಪ್ರತಿ ಮೂಲಿಕೆಗೂ ನಾಲ್ಕು ಗುಣಗಳು. ಎರಡು ಮೂಲಿಕೆಗಳಲ್ಲಿ ಒಂದಾದರೂ ಗುಣ ಸಮಾನವಾಗಿದ್ದರೆ ಮದ್ದು ಕೂಡುತ್ತದೆ. ರೆಸ್ಟೊರೇಶನ್ ಎಂಬ ವಿದ್ಯೆಯನ್ನು ಹೆಚ್ಚಿಸುವ ಮದ್ದು ಕುಡಿದು, ಮದ್ದು ಮಾಡುವ ಕೌಶಲವನ್ನು ಹೆಚ್ಚಿಸುವ ಉಡುಗೆಯನ್ನು ಕಳಚಿ ಮರಳಿ ತೊಟ್ಟರೆ ಉಡುಗೆಯ ಪ್ರಭಾವವೇ ಹಿಗ್ಗುತ್ತದೆಂದೂ, ಆ ಪ್ರಭಾವದಲ್ಲಿ ಕೂಡಿಸಿದ ಹೊಸ ಮದ್ದು ಹಿಂದಿನದಕ್ಕಿಂತ ತೀಕ್ಷ್ಣವಾಗುತ್ತದೆಂದೂ, ಅದನ್ನು ಕುಡಿದು ಮತ್ತೆ ಉಡುಗೆ ತೊಡಬಹುದೆಂದೂ ಆಟಗಾರರು ಕಂಡುಕೊಂಡರು. ಪ್ರತಿ ಸುತ್ತಿನಲ್ಲೂ ಒಂದೂವರೆ ಪಟ್ಟು ಎಂದು ಹಿಡಿದರೂ ಇಪ್ಪತ್ತು ಸುತ್ತಿನಲ್ಲಿ 3300 ಪಟ್ಟು ದಾಟುತ್ತದೆ. ಕೂಡುವ ಬಲವರ್ಧನೆ ಮೆಟ್ಟಿಲು ಹತ್ತುತ್ತದೆ, ತನ್ನನ್ನೇ ಗುಣಿಸಿಕೊಳ್ಳುವ ಬಲವರ್ಧನೆ ಆಟವನ್ನೇ ನುಂಗುತ್ತದೆ.

ಆಯುರ್ವೇದದಲ್ಲಿ ಲೋಹ, ಖನಿಜಗಳ ಮದ್ದುಗಳನ್ನು ಹೇಳುವ ರಸಶಾಸ್ತ್ರದಲ್ಲೂ ಮದ್ದಿಗೆ ಹಂತಗಳುಂಟು. ಅಭ್ರಕವನ್ನು ಸಸ್ಯರಸದಲ್ಲಿ ಅರೆದು, ಬಿಲ್ಲೆ ಕಟ್ಟಿ, ಬೆರಣಿಯ ಬೆಂಕಿಯಲ್ಲಿ ಸುಡುವ ಒಂದು ಆವರ್ತಕ್ಕೆ ಪುಟವೆಂದು ಹೆಸರು. ನೂರು ಪುಟದ ಶತಪುಟಿಗಿಂತ ಸಾವಿರ ಪುಟದ ಸಹಸ್ರಪುಟಿ ಭಸ್ಮ ಶ್ರೇಷ್ಠವೆಂಬುದು ಆ ಶಾಸ್ತ್ರದ ಮತ. ಇನ್ನೂ ಸ್ವಾರಸ್ಯವಾದದ್ದು ಮಂಡೂರ. ಕಬ್ಬಿಣ ಕರಗಿಸಿದ ಒಲೆಯ ಬಳಿ ಬಿಸುಟ ಕಿಟ್ಟವೇ ಮಂಡೂರ ಭಸ್ಮದ ಮೂಲದ್ರವ್ಯ. ನೂರು ವರ್ಷ ನೆಲದಲ್ಲಿ ಬಿದ್ದ ಕಿಟ್ಟ ಉತ್ತಮ, ಎಂಬತ್ತು ವರ್ಷದ್ದು ಮಧ್ಯಮ, ಅರವತ್ತರದ್ದು ಅಧಮ ಎಂದು ಗ್ರಂಥಗಳು ದರ್ಜೆ ಹಾಕಿವೆ. ಅದನ್ನು ಕೆಂಪಗೆ ಕಾಸಿ ಏಳು ಸಲ ಗೋಮೂತ್ರದಲ್ಲಿ ಅದ್ದಿ ಶೋಧಿಸಿ ಭಸ್ಮ ಮಾಡಿ ಪಾಂಡುರೋಗಕ್ಕೆ ಕೊಡುತ್ತಿದ್ದರು. ಕತ್ತಿಯ ಕುಲುಮೆಯ ಕಸ ಮದ್ದಿನ ಮೂಲವಾಗುವ ಈ ಸಂಬಂಧವನ್ನು ಯಾವುದಾದರೂ ಆಟ ಕಟ್ಟುವವರು ಎತ್ತಿಕೊಂಡರೆ ಚೆನ್ನ. ಭಸ್ಮಗಳನ್ನು ವೈದ್ಯರ ಕಣ್ಣಳತೆಯಿಲ್ಲದೆ ಸೇವಿಸುವುದು ಮಾತ್ರ ಅಪಾಯ.

ಓದುಗರಿಗೆ ಎರಡು ಕೆಲಸಗಳು ತೆರೆದಿವೆ. ಕೈಯಲ್ಲಿರುವ ಯಾವುದೇ ಆಟದಲ್ಲಿ ಒಂದೇ ವೈರಿಯಿಂದ ಮೊದಲು ಬರಿಮೈಯಲ್ಲಿ, ಆಮೇಲೆ ಒಂದು, ಎರಡು, ಮೂರು ತುಂಡು ಕವಚ ತೊಟ್ಟು ಪೆಟ್ಟು ತಿಂದು, ಪ್ರತಿ ಸಲದ ಕವಚದ ಅಂಕಿಯನ್ನೂ ಕಳೆದ ಜೀವವನ್ನೂ ಬರೆದುಕೊಂಡು, ಪೆಟ್ಟಿನ ಬಿರುಸು ಬೇರೆಯಾದ ಇನ್ನೊಬ್ಬ ವೈರಿಯೆದುರೂ ಹಾಗೆಯೇ ಮಾಡಿದರೆ, ಆ ಅಂಕಿಗಳಿಂದಲೇ ಆಟದೊಳಗಿನ ಸೂತ್ರ ಮೇಲೆ ಹೇಳಿದ ಮೂರರಲ್ಲಿ ಯಾವುದೆಂದು ಬಯಲಾಗುತ್ತದೆ. ಎರಡನೆಯದು ಊರಾಚೆಯ ಕೆಲಸ. ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್ ಮತ್ತು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ 2010ರಲ್ಲಿ ಉತ್ತರ ತೆಲಂಗಾಣದ ಕಿಟ್ಟದ ದಿಬ್ಬಗಳನ್ನೂ ಒಡೆದ ಮೂಸೆಗಳನ್ನೂ ಹುಡುಕಿ ಗುರುತಿಸಿದವು. ಅಂಥ ಹುಡುಕಾಟ ದಕ್ಷಿಣದ ಗದ್ವಾಲ, ಮಕ್ತಲ್‌ಗಳಲ್ಲೂ ನಡೆಯಲಿ; ಕನ್ನಡ, ತೆಲುಗು ಎರಡನ್ನೂ ಮಾತಾಡುವ ಕಮ್ಮಾರರ ಮನೆಗಳಲ್ಲಿ ಕಾವಿನ ಬಣ್ಣಗಳಿಗೂ ಹದಕ್ಕೂ ಇರುವ ಹೆಸರುಗಳನ್ನು ಯಾರಾದರೂ ಕೂತು ಬರೆದಿಡಲಿ. ನೆಲದಲ್ಲಿ ಕಿಟ್ಟ ಕಂಡವರು ಅದನ್ನು ಕೆದಕದೆ, ಸಿಕ್ಕ ಜಾಗವನ್ನು ಗುರುತಿಸಿ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಉಚಿತ.