ನಿಮಗಿದು ಗೊತ್ತೇ? ಕಣ್ಣಿನ ಲೆನ್ಸಿಗೂ ಅಳತೆ ಬೇಕು!

ಹುನಗುಂದದ ಕಡೆ ‘ಕಣ್ಣಾಗ ಪೊರಿ ಬಂದೈತಿ’ ಅಂದರೆ ಮುಂದಿನ ಮಾತು ‘ಲೆನ್ಸ್ ಕೂಡಿಸ್ಕೊಂಡು ಬಾ’. ಆದರೆ ಯಾವ ನಂಬರಿನ ಲೆನ್ಸು?

● ನಮ್ಮದೇ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದು ಗಿನ್ನೆಸ್ ದಾಖಲೆ ಸೇರಿದರು. ಆಗಿನ ಶಿಬಿರಗಳಲ್ಲಿ ಮಂಜಾದ ಮಸೂರ ತೆಗೆಯುತ್ತಿದ್ದರು, ಬೇರೆಯದನ್ನು ಕೂಡಿಸುತ್ತಿರಲಿಲ್ಲ. ಬದಲಿಗೆ ಪ್ಲಸ್ 10ರ ಆಸುಪಾಸಿನ ದಪ್ಪ ಚಾಳೀಸು. ಅಜ್ಜನ ಕಣ್ಣು ಬಟ್ಟಲಗಲ ಕಾಣುತ್ತಿದ್ದುದು ಅದರಿಂದಲೇ!

● ಕಣ್ಣೊಳಗೆ ಮೊದಲು ಲೆನ್ಸ್ ಇಟ್ಟವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಲೆನ್ಸೇನೋ ಕೂತಿತು, ಲೆಕ್ಕ ತಪ್ಪಿತ್ತು. ಆ ರೋಗಿಗೆ ಮೈನಸ್ 20ರ ಸುತ್ತಮುತ್ತಲ ನಂಬರು ಬಂತು.

● ಲೆನ್ಸಿನ ನಂಬರು ಲೆಕ್ಕ ಹಾಕುವ 1980ರ ಎಸ್‌ಆರ್‌ಕೆ ಸೂತ್ರ ಹೈಸ್ಕೂಲು ಹುಡುಗರೂ ಮಾಡುವಷ್ಟು ಸರಳ. ಲೆನ್ಸಿನ ಸ್ಥಿರಾಂಕ 118.4 ಎನ್ನಿ. ಅದರಲ್ಲಿ ಕಣ್ಣುಗುಡ್ಡೆಯ ಉದ್ದದ (23.5 ಮಿ.ಮೀ.) 2.5 ಪಟ್ಟು ಕಳೆಯಿರಿ, ಕಾರ್ನಿಯಾದ ಶಕ್ತಿಯ (43.5) 0.9 ಪಟ್ಟು ಕಳೆಯಿರಿ. ಉಳಿಯುವುದು 20.5. ಅದೇ ನಿಮ್ಮ ಲೆನ್ಸು. ತೀರಾ ಉದ್ದ, ತೀರಾ ಗಿಡ್ಡ ಕಣ್ಣುಗಳಿಗೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ.

● ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಂಬರಿನಲ್ಲಿ ಸುಮಾರು ಎರಡೂವರೆ ಹೆಚ್ಚುಕಮ್ಮಿ. ಈ ಉದ್ದ ಅಳೆಯುವ ಎ-ಸ್ಕ್ಯಾನ್ ಕಡ್ಡಿ ಕಣ್ಣಿಗೆ ತುಸು ಒತ್ತಿ ಹಿಡಿದರೂ ಸಾಕು, ಕಣ್ಣು ಗಿಡ್ಡವೆಂದು ತೋರಿಸುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿಯ ಲೆನ್ಸು ಒಳಗೆ ಹೋಗುತ್ತದೆ.

● ಕಣ್ಣು ಮುಟ್ಟದೆ ಬೆಳಕಿನಿಂದಲೇ ಅಳೆಯುವ ಯಂತ್ರ 1999ರಿಂದ ಇದೆ. ಆದರೆ ಪೊರೆ ಹಣ್ಣಾಗಲಿ ಎಂದು ವರ್ಷಗಟ್ಟಲೆ ಕಾಯ್ದವರ ಕಣ್ಣಿನಲ್ಲಿ ಆ ಬೆಳಕು ತೂರುವುದಿಲ್ಲ. ಅವರಿಗೆ ಮತ್ತೆ ಎ-ಸ್ಕ್ಯಾನೇ ಗತಿ.

● ಎಲ್ಲಕ್ಕಿಂತ ಕಷ್ಟದ ಅಳತೆ ಯಾವುದು ಗೊತ್ತೇ? ಕೂಡಿಸಿದ ಲೆನ್ಸು ಒಳಗೆ ಎಷ್ಟು ಹಿಂದೆ ಹೋಗಿ ನೆಲೆಗೊಳ್ಳುತ್ತದೆ ಎಂಬುದು. ಅದನ್ನು ಮುಂಚೆಯೇ ಅಳೆಯಲಾಗದು, ಅಂದಾಜೇ ಮಾಡಬೇಕು. ಹೊಸ ಸೂತ್ರಗಳೆಲ್ಲ ಹೆಣಗುತ್ತಿರುವುದು ಇದಕ್ಕೇ.

● ಮೊದಲ ಕಣ್ಣಿನಲ್ಲಿ ಎಷ್ಟು ನಂಬರು ತಪ್ಪಿತೆಂದು ನೋಡಿ, ಎರಡನೆಯದರ ಲೆಕ್ಕ ತಿದ್ದಬಹುದು. ಹಾಗಾಗಿ ಮೊದಲ ಕಣ್ಣಿನ ಚೀಟಿ ಎಸೆಯಬೇಡಿ.

● ಹಿಂದೆ ಲೇಸರ್‌ನಿಂದ ನಂಬರು ತೆಗೆಸಿದ್ದರೆ ಮಾಮೂಲಿ ಸೂತ್ರ ತಪ್ಪುತ್ತದೆ, ಮೊದಲೇ ತಿಳಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲು ತೆಗೆದಿಡಬೇಕೆಂದು ಕೇಳಿಕೊಳ್ಳಿ.

● ಇಳಕಲ್ಲಿನ ಮಗ್ಗದವರೇ, ಬೇಕೆಂದೇ ಮೈನಸ್ 2.5 ಉಳಿಸಿದರೆ 40 ಸೆಂ.ಮೀ. ದೂರದ ಎಳೆ ಚಾಳೀಸಿಲ್ಲದೆ ಕಾಣುತ್ತದೆ. ಬಸ್ಸಿನ ಬೋರ್ಡು ಓದಲು ಚಾಳೀಸು ಬೇಕಾಗುತ್ತದೆ. ಅಳತೆಗೆ ಕೂತಾಗ ನಿಮ್ಮ ಕಸುಬು ಏನೆಂದು ಡಾಕ್ಟರಿಗೆ ಹೇಳಿ.