ಪುಟ್ಟ ಮಕ್ಕಳೊಂದಿಗೆ ಕ್ರೂಸ್ ಪ್ರಯಾಣ

ಪುಟ್ಟ ಮಕ್ಕಳೊಂದಿಗೆ ಕ್ರೂಸ್ ಪ್ರಯಾಣ ಎಂದರೆ ಸುಮಾರು ಮೂರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಪ್ರವಾಸಿ ಹಡಗಿನಲ್ಲಿ ಕೈಗೊಳ್ಳುವ ಹಲವು ದಿನಗಳ ಸಮುದ್ರಯಾನ. ವಸತಿ, ಊಟ, ಮನರಂಜನೆ ಮತ್ತು ಊರಿಂದೂರಿಗೆ ಸಂಚಾರ ಒಂದೇ ಟಿಕೆಟ್ಟಿನಲ್ಲಿ ದೊರೆಯುತ್ತವೆ. ಪ್ರತಿ ಊರಿನಲ್ಲೂ ಸಾಮಾನು ಕಟ್ಟಿ ಬಿಚ್ಚುವ ಕೆಲಸವಿರುವುದಿಲ್ಲ. ಈ ಕಾರಣಗಳಿಂದ ಎಳೆಯ ಮಕ್ಕಳಿರುವ ಕುಟುಂಬಗಳಿಗೆ ಇದು ಸುಲಭದ ಪ್ರವಾಸವಾಗಿ ಕಾಣುತ್ತದೆ. ಆದರೆ ಹಡಗು ತೀರ ಬಿಟ್ಟ ಮೇಲೆ ಮಕ್ಕಳ ವೈದ್ಯರಾಗಲಿ ಔಷಧದ ಅಂಗಡಿಯಾಗಲಿ ಕೈಗೆಟಕುವುದಿಲ್ಲ. ಆದ್ದರಿಂದ ಹೋಗಬೇಕೇ ಬೇಡವೇ ಎಂಬ ನಿರ್ಧಾರದಲ್ಲಿ ಹಡಗಿನ ವೈಭವಕ್ಕಿಂತ ಮಗುವಿನ ವಯಸ್ಸು, ಅದರ ಆರೋಗ್ಯ ಹಾಗೂ ಹಡಗು ಸತತವಾಗಿ ಎಷ್ಟು ದಿನ ತೀರದಿಂದ ದೂರವಿರುತ್ತದೆ ಎಂಬ ಮೂರು ಸಂಗತಿಗಳು ಮುಖ್ಯವಾಗುತ್ತವೆ.

ಕನಿಷ್ಠ ವಯಸ್ಸು

ರಾಯಲ್ ಕೆರಿಬಿಯನ್, ಕಾರ್ನಿವಲ್, ಡಿಸ್ನಿ, ನಾರ್ವೇಜಿಯನ್ ಮೊದಲಾದ ದೊಡ್ಡ ಸಂಸ್ಥೆಗಳು ಸಾಮಾನ್ಯ ಯಾನಗಳಿಗೆ 6 ತಿಂಗಳು ತುಂಬಿದ ಮಗುವನ್ನು ಮಾತ್ರ ಹತ್ತಿಸಿಕೊಳ್ಳುತ್ತವೆ. ಅಟ್ಲಾಂಟಿಕ್ ಸಾಗರವನ್ನು ದಾಟುವ ಅಥವಾ ಹವಾಯಿಗೆ ಹೋಗುವಂತಹ ದೀರ್ಘ ಯಾನಗಳಿಗೆ ಈ ಮಿತಿ 12 ತಿಂಗಳು. ಕೆಲವು ಸಂಸ್ಥೆಗಳು ಮೂರು ಅಥವಾ ಹೆಚ್ಚು ದಿನ ಸತತವಾಗಿ ಬಂದರು ಸಿಗದ ಎಲ್ಲ ಯಾನಗಳಿಗೂ ಇದೇ ನಿಯಮವನ್ನು ಅನ್ವಯಿಸುತ್ತವೆ. ವಯಸ್ಸನ್ನು ಹಡಗು ಹತ್ತುವ ದಿನಕ್ಕೆ ಲೆಕ್ಕ ಹಾಕಲಾಗುತ್ತದೆ; ಯಾನದ ನಡುವೆ ಆರು ತಿಂಗಳು ತುಂಬುವ ಮಗುವಿಗೆ ಅವಕಾಶವಿಲ್ಲ. ವರ್ಜಿನ್ ವಾಯೇಜಸ್ ಮತ್ತು ವೈಕಿಂಗ್ ಸಂಸ್ಥೆಗಳ ಹಡಗುಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶವೇ ಇಲ್ಲ. ಎರಡನೆಯ ಮಗುವಿನ ನಿರೀಕ್ಷೆಯಲ್ಲಿರುವ ಕುಟುಂಬಗಳು ಇನ್ನೊಂದು ಮಿತಿಯನ್ನೂ ಗಮನಿಸಬೇಕಾಗುತ್ತದೆ: ಬಹುತೇಕ ಸಂಸ್ಥೆಗಳು 24 ವಾರ ಮೀರಿದ ಗರ್ಭಿಣಿಯರನ್ನು ಕರೆದೊಯ್ಯುವುದಿಲ್ಲ.

ಆರೋಗ್ಯ ಮತ್ತು ಚಿಕಿತ್ಸೆ

ಮೇಲಿನ ವಯೋಮಿತಿಗಳ ಹಿಂದಿರುವುದು ವೈದ್ಯಕೀಯ ಕಾರಣ. ದೊಡ್ಡ ಹಡಗುಗಳಲ್ಲಿ ವೈದ್ಯರು, ದಾದಿಯರು ಮತ್ತು ಸಣ್ಣ ಚಿಕಿತ್ಸಾಲಯ ಇರುತ್ತಾರಾದರೂ ಅವರು ಸಾಮಾನ್ಯವಾಗಿ ತುರ್ತು ಚಿಕಿತ್ಸೆಯಲ್ಲಿ ತರಬೇತಿ ಪಡೆದವರೇ ಹೊರತು ಮಕ್ಕಳ ತಜ್ಞರಲ್ಲ. ರೋಗಿಯ ಸ್ಥಿತಿ ಕೆಟ್ಟರೆ ಮುಂದಿನ ಬಂದರಿನವರೆಗೆ ಕಾಯಬೇಕು, ಇಲ್ಲವೇ ಹೆಲಿಕಾಪ್ಟರ್ ತಲುಪುವ ದೂರದಲ್ಲಿದ್ದರೆ ಅದರಲ್ಲಿ ಸಾಗಿಸಬೇಕು. ಚಿಕಿತ್ಸೆಯ ವೆಚ್ಚ ಟಿಕೆಟ್ ದರದಲ್ಲಿ ಸೇರಿರುವುದಿಲ್ಲ. ಸ್ವದೇಶದ ಆರೋಗ್ಯ ವಿಮೆ ಹಡಗಿನಲ್ಲಿ ಅನ್ವಯವಾಗದಿರುವ ಸಾಧ್ಯತೆ ಹೆಚ್ಚಿರುವುದರಿಂದ, ಸಮುದ್ರದಿಂದ ರೋಗಿಯನ್ನು ಸಾಗಿಸುವ ವೆಚ್ಚವನ್ನೂ ಭರಿಸುವ ಪ್ರವಾಸ ವಿಮೆ ಇಲ್ಲಿ ಅತ್ಯಗತ್ಯ. ಅವಧಿಗೆ ಮುನ್ನ ಹುಟ್ಟಿದ, ಉಸಿರಾಟದ ಅಥವಾ ಹೃದಯದ ತೊಂದರೆಯಿರುವ ಶಿಶುವಿನ ವಿಷಯದಲ್ಲಿ ಸಂಸ್ಥೆಯ ವಯೋಮಿತಿಯೊಂದನ್ನೇ ನಂಬಿ ಹೊರಡುವುದು ಸರಿಯಲ್ಲ.

ಹಡಗಿನಲ್ಲಿ ಹರಡುವ ಕಾಯಿಲೆಗಳಲ್ಲಿ ಹೆಚ್ಚು ಸುದ್ದಿಯಾಗುವುದು ನೊರೊವೈರಸ್‌ನಿಂದ ಬರುವ ವಾಂತಿಭೇದಿ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳಲ್ಲಿ ಪ್ರಯಾಣಿಕರ ಅಥವಾ ಸಿಬ್ಬಂದಿಯ ಪೈಕಿ ಶೇಕಡ 3ರಷ್ಟು ಮಂದಿಗೆ ಇಂತಹ ಲಕ್ಷಣಗಳು ಕಂಡುಬಂದರೆ ಆ ದೇಶದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ವಯಸ್ಕರಲ್ಲಿ ಈ ಕಾಯಿಲೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎಳೆಯ ಮಕ್ಕಳಲ್ಲಿ ದೇಹದ ನೀರಿನ ಅಂಶ ಬಹುಬೇಗ ಕುಸಿಯುವುದೇ ಅಪಾಯ. ಆಲ್ಕೋಹಾಲ್ ಆಧಾರಿತ ಸ್ಯಾನಿಟೈಸರ್ ಈ ವೈರಾಣುವಿನ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ, ಸೋಪು ಮತ್ತು ನೀರಿನಿಂದ ಕೈ ತೊಳೆಯಲೇಬೇಕು. ಕಂಡದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿನ ಮಟ್ಟಿಗೆ ಇದು ಹೇಳುವಷ್ಟು ಸುಲಭವಲ್ಲ. ಕಾಯಿಲೆ ತಗುಲಿದವರನ್ನು ಲಕ್ಷಣಗಳು ನಿಂತ ಬಳಿಕವೂ ಕೆಲಕಾಲ ಕೋಣೆಯಲ್ಲೇ ಇರಿಸಲಾಗುತ್ತದೆ. ಜೀವಜಲ, ಅಂದರೆ ಓಆರ್‌ಎಸ್ ಪೊಟ್ಟಣಗಳನ್ನು ಮನೆಯಿಂದಲೇ ಒಯ್ಯುವುದು ಕ್ಷೇಮ.

ಲಸಿಕೆಯ ವಿಷಯದಲ್ಲಿ, ಭಾರತದಲ್ಲಿ ದಡಾರದ ಮೊದಲ ಲಸಿಕೆಯನ್ನು 9 ತಿಂಗಳು ತುಂಬಿದ ಬಳಿಕ ಕೊಡಲಾಗುತ್ತದೆ. ಅಂತರರಾಷ್ಟ್ರೀಯ ಪ್ರಯಾಣ ಮಾಡುವ 6ರಿಂದ 11 ತಿಂಗಳ ಶಿಶುಗಳಿಗೆ ಒಂದು ಮುಂಗಡ ಲಸಿಕೆ ಕೊಡಬೇಕೆಂದು ಸಿಡಿಸಿ ಸೂಚಿಸುತ್ತದೆ. ಹಡಗಿನ ಓಲಾಟದಿಂದ ಬರುವ ತಲೆಸುತ್ತು ಮತ್ತು ವಾಂತಿಯ ಬಗ್ಗೆ ತಂದೆತಾಯಿಯರಲ್ಲಿ ಆತಂಕ ಸಾಮಾನ್ಯವಾದರೂ ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ವಿರಳ. 2ರಿಂದ 12 ವರ್ಷದವರಲ್ಲಿ ಹೆಚ್ಚು. ಶಿಶುವಿಗಿಂತ ಅದನ್ನು ಎತ್ತಿಕೊಂಡ ತಾಯಿಯೇ ಹಾಸಿಗೆ ಹಿಡಿಯುವ ಸಂಭವ ಹೆಚ್ಚು, ಮತ್ತು ಆಗ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಜೊತೆಗಿರಬೇಕಾಗುತ್ತದೆ.

ಈಜುಕೊಳ

ಬಹುತೇಕ ಹಡಗುಗಳ ಈಜುಕೊಳಗಳಲ್ಲಿ ಡೈಪರ್ ಧರಿಸುವ ಮಕ್ಕಳಿಗೆ ಪ್ರವೇಶವಿಲ್ಲ. ಈಜಿಗೆಂದೇ ತಯಾರಾದ ಡೈಪರಿಗೂ ವಿನಾಯಿತಿ ಇಲ್ಲ. ಕೊಳದ ನೀರು ಮತ್ತೆ ಮತ್ತೆ ಅಲ್ಲಿಯೇ ಸುತ್ತುವುದರಿಂದ ಒಂದು ಮಗುವಿನ ಮಲವೂ ಎಲ್ಲರಿಗೂ ಸೋಂಕು ಹರಡಬಲ್ಲದು ಎಂಬುದು ಇದರ ಕಾರಣ. ಕೆಲವು ಹೊಸ ಹಡಗುಗಳಲ್ಲಿ ಶಿಶುಗಳಿಗೆ ನೀರು ಚಿಮ್ಮುವ ಪ್ರತ್ಯೇಕ ಜಾಗಗಳಿವೆ. ನೀರಾಟವನ್ನೇ ನೆನೆದು ಟಿಕೆಟ್ ಕೊಳ್ಳುವ ಕುಟುಂಬಗಳು ಆಯ್ಕೆ ಮಾಡಿದ ಹಡಗಿನಲ್ಲಿ ಇಂತಹ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಕೊಳದ ಬಳಿ ಜೀವರಕ್ಷಕರು ಎಲ್ಲ ಹಡಗುಗಳಲ್ಲೂ ಇರುವುದಿಲ್ಲ.

ಶಿಶುಪಾಲನೆ

ಹಡಗುಗಳಲ್ಲಿ ಉಚಿತವಾಗಿ ನಡೆಯುವ ಮಕ್ಕಳ ಕ್ಲಬ್ಬುಗಳು ಸಾಮಾನ್ಯವಾಗಿ 3 ವರ್ಷ ತುಂಬಿದ, ಶೌಚದ ಅಭ್ಯಾಸವಾದ ಮಕ್ಕಳಿಗೆ ಮೀಸಲು. ಕಾರ್ನಿವಲ್ ಸಂಸ್ಥೆ 2 ವರ್ಷದಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವರಿಗೆ ಡಿಸ್ನಿಯ ಹಡಗುಗಳಲ್ಲಿ ಮತ್ತು ರಾಯಲ್ ಕೆರಿಬಿಯನ್‌ನ ಹಲವು ಹಡಗುಗಳಲ್ಲಿ 6 ತಿಂಗಳಿಂದ 3 ವರ್ಷದವರೆಗಿನ ಶಿಶುಗಳ ಪಾಲನಾಗೃಹಗಳಿವೆ. ಇವಕ್ಕೆ ಗಂಟೆಯ ಲೆಕ್ಕದಲ್ಲಿ ಶುಲ್ಕವಿದ್ದು, ಸ್ಥಳ ಸೀಮಿತವಾಗಿರುವುದರಿಂದ ಮುಂಗಡ ಕಾಯ್ದಿರಿಸಬೇಕು.

ಈ ನಿಯಮಗಳನ್ನು ಒಟ್ಟಿಗೆ ನೋಡಿದಾಗ ಹೆಚ್ಚು ಕಷ್ಟದ ವಯಸ್ಸು ಶೈಶವವಲ್ಲ, ನಡೆಯಲು ಕಲಿತ ಬಳಿಕದ ಒಂದೂವರೆ ಎರಡು ವರ್ಷಗಳು ಎಂಬುದು ತಿಳಿಯುತ್ತದೆ. ಎಂಟು ತಿಂಗಳ ಕೂಸು ಇಟ್ಟಲ್ಲಿರುತ್ತದೆ, ಬೇಕಾದಾಗ ನಿದ್ರಿಸುತ್ತದೆ. ಎರಡು ವರ್ಷದ ಮಗು ಓಡುತ್ತದೆ, ಹತ್ತುತ್ತದೆ. ಆದರೆ ಕೊಳಕ್ಕೂ ಇಳಿಯುವಂತಿಲ್ಲ, ಕ್ಲಬ್ಬಿಗೂ ಹಲವೆಡೆ ಸೇರುವಂತಿಲ್ಲ. ಪಾಲನಾಗೃಹವಿಲ್ಲದ ಹಡಗಿನಲ್ಲಿ ಆ ವಯಸ್ಸಿನ ಮಗುವಿನ ತಂದೆತಾಯಿಯರು ಸರದಿಯ ಮೇಲೆ ಕಾವಲಿರುವುದರಲ್ಲೇ ದಿನ ಕಳೆಯುತ್ತಾರೆ. ಪ್ರಯಾಣವನ್ನು ವರ್ಷ ಮುಂದೂಡುವ ಮಾತು ಹೆಚ್ಚು ಸಲ್ಲುವುದು ಇಲ್ಲಿಯೇ.

ಕೋಣೆ, ಆಹಾರ, ನಿದ್ರೆ

ಹಡಗಿನ ಕೋಣೆಗಳು ಹೋಟೆಲಿನ ಕೋಣೆಗಳಿಗಿಂತ ಚಿಕ್ಕವು. ಕೇಳಿಕೊಂಡರೆ ಮಡಿಸುವ ತೊಟ್ಟಿಲನ್ನು ಒದಗಿಸುತ್ತಾರೆ, ಆದರೆ ಅದನ್ನು ಬಿಡಿಸಿದ ಮೇಲೆ ಓಡಾಡಲು ಜಾಗ ಉಳಿಯುವುದು ಕಡಿಮೆ. ಸ್ನಾನದ ತೊಟ್ಟಿ ಹೆಚ್ಚಿನ ಕೋಣೆಗಳಲ್ಲಿಲ್ಲ. ಬೆಂಕಿಯ ಭಯದಿಂದ ಪ್ರಯಾಣಿಕರು ನೀರು ಕಾಯಿಸುವ ವಿದ್ಯುತ್ ಕೆಟಲ್‌ಗಳನ್ನು ತರುವುದನ್ನು ಅನೇಕ ಸಂಸ್ಥೆಗಳು ನಿಷೇಧಿಸಿವೆ. ರಾಗಿ ಸರಿ, ಗಂಜಿ ಮೊದಲಾದವನ್ನು ಕೋಣೆಯಲ್ಲೇ ಕುದಿಸಿ ತಿನ್ನಿಸುವ ಯೋಚನೆಯಿದ್ದವರು ಇದನ್ನು ನೆನಪಿಡಬೇಕು. ಬಿಸಿನೀರನ್ನು ಊಟದ ಸಭಾಂಗಣದಿಂದ ತರಬಹುದು. ಮಗುವಿಗೆ ಒಗ್ಗಿದ ಹಾಲಿನ ಪುಡಿ ಮತ್ತು ಡೈಪರ್ ಹಡಗಿನ ಅಂಗಡಿಯಲ್ಲಿ ಸಿಗುತ್ತವೆಂದು ನಂಬುವಂತಿಲ್ಲ. ಶಿಶುವನ್ನು ಕೋಣೆಯ ಮೂರನೆಯ ಅಥವಾ ನಾಲ್ಕನೆಯ ಪ್ರಯಾಣಿಕನೆಂದು ಎಣಿಸಿ ದರವನ್ನೂ ಬಂದರು ಶುಲ್ಕವನ್ನೂ ವಿಧಿಸುವುದು ಸಾಮಾನ್ಯ. ವಿಮಾನದಂತೆ ಮಡಿಲಲ್ಲಿ ಕೂರಿಸಿಕೊಂಡರೆ ಅಲ್ಪ ದರ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸುರಕ್ಷತೆ

ಸಮುದ್ರದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಸೋಲಾಸ್ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, 24 ಗಂಟೆ ಅಥವಾ ಹೆಚ್ಚು ಅವಧಿಯ ಯಾನ ಮಾಡುವ ಪ್ರಯಾಣಿಕ ಹಡಗಿನಲ್ಲಿ ಪ್ರತಿ ಶಿಶುವಿಗೂ ಅದರ ಅಳತೆಯ ಜೀವರಕ್ಷಕ ಕವಚ ಇರಬೇಕು. ದೊಡ್ಡವರ ಕವಚದಿಂದ ಮಗು ಜಾರಿಹೋಗುವುದರಿಂದ, ಹಡಗು ಹತ್ತಿದ ದಿನವೇ ಸರಿಯಾದ ಕವಚವನ್ನು ಕೇಳಿ ಪಡೆದು ತೊಡಿಸಿ ನೋಡಬೇಕು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಅವಘಡಕ್ಕೀಡಾಗಿ 32 ಮಂದಿ ಮೃತಪಟ್ಟರು. ಆಗಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ತುರ್ತು ತಾಲೀಮು ಇನ್ನೂ ನಡೆದಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ನಡೆಯಬೇಕೆಂಬ ನಿಯಮ 2015ರ ಜನವರಿ 1ರಿಂದ ಜಾರಿಯಲ್ಲಿದೆ.

ಬಾಲ್ಕನಿ ಮತ್ತು ಕಿಟಕಿಗಳು ಇನ್ನೊಂದು ಅಪಾಯ. 2019ರ ಜುಲೈನಲ್ಲಿ ಪೋರ್ಟೊರಿಕೊದ ಸಾನ್ ಹುವಾನ್ ಬಂದರಿನಲ್ಲಿ ನಿಂತಿದ್ದ ಹಡಗೊಂದರ 11ನೆಯ ಅಂತಸ್ತಿನ ತೆರೆದ ಕಿಟಕಿಯಿಂದ 18 ತಿಂಗಳ ಮಗು ಬಿದ್ದು ಮೃತಪಟ್ಟಿತು. ಮಗು ಆಗ ಒಂಟಿಯಾಗಿರಲಿಲ್ಲ, ಮನೆಯ ಹಿರಿಯರ ಕೈಯಲ್ಲೇ ಇತ್ತು. ಹತ್ತಲು ಕಲಿತ ಮಗುವಿರುವವರಿಗೆ ಬಾಲ್ಕನಿಯಿಲ್ಲದ ಕೋಣೆ ಅಗ್ಗವೂ ನಿಶ್ಚಿಂತೆಯೂ ಆದ ಆಯ್ಕೆ.

ಭಾರತೀಯ ಪ್ರಯಾಣಿಕರು

ಕರ್ನಾಟಕದ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆಯಾದರೂ ಅವು ಮುಖ್ಯವಾಗಿ ಅಲ್ಲಿ ಹಗಲು ತಂಗಿ ಮುಂದೆ ಸಾಗುತ್ತವೆ. 2021ರಲ್ಲಿ ಆರಂಭವಾದ ಕಾರ್ಡೇಲಿಯಾ ಸಂಸ್ಥೆಯ ಹಡಗು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಯಾನ ನಡೆಸಿದೆ. ಎರಡು ಮೂರು ರಾತ್ರಿಗಳ ಇಂತಹ ಕಿರುಯಾನ ಮೊದಲ ಪ್ರಯೋಗಕ್ಕೆ ತಕ್ಕದ್ದು. ಲಕ್ಷದ್ವೀಪದಲ್ಲಿ ಮಾತ್ರ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುವುದರಿಂದ, ಕೂಸನ್ನು ಎತ್ತಿಕೊಂಡು ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ.

ಸಿಂಗಾಪುರದಂತಹ ವಿದೇಶಿ ಬಂದರಿನಿಂದ ಹೊರಡುವವರಿಗೆ ವಿಮಾನಯಾನದ ದಣಿವೂ ಸೇರುತ್ತದೆ. ಇಳಿದ ದಿನವೇ ಹಡಗು ಹತ್ತದೆ ಒಂದು ರಾತ್ರಿ ಊರಿನಲ್ಲಿ ತಂಗಿದರೆ ಮಗುವಿನ ನಿದ್ರೆ ಹದಕ್ಕೆ ಬರುತ್ತದೆ. ಶಿಶುವಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಹಡಗು ಬೇರೆ ದೇಶಕ್ಕೆ ಹೋಗಿ ಅದೇ ಬಂದರಿಗೆ ಮರಳುವುದನ್ನು ಎರಡನೆಯ ಪ್ರವೇಶವೆಂದು ಎಣಿಸುವುದರಿಂದ, ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶ ಕೊಡುವಂತಹದ್ದಾಗಿರಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವಾಗ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಕೇಳುವ ಸಂಸ್ಥೆಗಳೂ ಇವೆ.