ನಿಮಗಿದು ಗೊತ್ತೇ? ಕಿಡಿ ಹಾರುವ ಹೊತ್ತು ಡ್ರೈವರ್ ಕೈಯಲ್ಲೇ ಇತ್ತು!

ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಲ್ಲಿ ಒತ್ತುವ ಆಕ್ಸಿಲರೇಟರೇ ಇಲ್ಲ! 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು ಇದು. ಪೆಡಲ್ ಮೂರಿವೆ. ಎಡಗಡೆಯದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ವೇಗ ಬೇಕೆಂದರೆ ಸ್ಟಿಯರಿಂಗ್ ಚಕ್ರದ ಕೆಳಗೆ ಬಲಬದಿಯ ಪುಟ್ಟ ಲಿವರ್ ಎಳೆಯಬೇಕು.

ಎಡಬದಿಯಲ್ಲೂ ಅಂಥದ್ದೇ ಇನ್ನೊಂದು ಲಿವರ್ ಇದೆ. ಅದರ ಕೆಲಸ ಕೇಳಿದರೆ ಬೆರಗಾಗುತ್ತೀರಿ. ಸಿಲಿಂಡರಿನೊಳಗೆ ಪೆಟ್ರೋಲಿಗೆ ಕಿಡಿ ಯಾವಾಗ ತಗುಲಬೇಕು ಎಂಬುದನ್ನು ತೀರ್ಮಾನಿಸುವುದೇ ಅದು! ಇವತ್ತು ಕಂಪ್ಯೂಟರ್ ಮಾಡುವ ಕೆಲಸವನ್ನು ಅಂದು ಡ್ರೈವರ್ ಎಡಗೈಯಲ್ಲಿ ಮಾಡುತ್ತಿದ್ದ.

ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರಿಸಬೇಕು. ಎಂಥ ವಿಚಿತ್ರ! ಪೆಟ್ರೋಲು ಪೂರ್ತಿ ಉರಿಯಲು ಒಂದಿಷ್ಟು ಹೊತ್ತು ಬೇಕು, ಪಿಸ್ಟನ್ ಮಾತ್ರ ಕಾಯುವುದಿಲ್ಲ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್, ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲೇ 9 ಡಿಗ್ರಿ ತಿರುಗಿಬಿಡುತ್ತದೆ. ಹಾಗಾಗಿ ಓಟ ಹೆಚ್ಚಿದಂತೆ ಕಿಡಿಯೂ ಬೇಗ ಬರಬೇಕು. ಲಿವರ್ ಕೆಳಕ್ಕೆ ಎಳೆದರೆ ಬೇಗ, ಮೇಲಕ್ಕೆ ತಳ್ಳಿದರೆ ತಡ. ಅಷ್ಟೇ!

ಕೆಳಕ್ಕೆ ಎಳೆಯಲು ಮರೆತರೆ? ಕಾರು ಸೊರಗುತ್ತದೆ, ಎಂಜಿನ್ ಕಾದು ರೇಡಿಯೇಟರ್ ಕುದಿಯುತ್ತದೆ. ಕಿಡಿ ತೀರಾ ತಡವಾದರೆ ಹೊಗೆ ಹೋಗುವ ಕಬ್ಬಿಣದ ಕೊಳವೆ ಕೆಂಪಗೆ ಕಾಯುವುದೂ ಉಂಟು!

ಸ್ಟಾರ್ಟ್ ಮಾಡುವಾಗ ಮಾತ್ರ ಲಿವರ್ ಪೂರ್ತಿ ಮೇಲೇ ಇರಬೇಕು. ಇದು ಹುಡುಗಾಟದ ಮಾತಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸುವಾಗ ಕಿಡಿ ಬೇಗ ಹಾರಿದರೆ, ಏರುತ್ತಿರುವ ಪಿಸ್ಟನ್ ಅರ್ಧದಾರಿಯಲ್ಲೇ ಹಿಂದಕ್ಕೆ ದೂಡಲ್ಪಡುತ್ತದೆ. ಹ್ಯಾಂಡಲ್ ಉಲ್ಟಾ ತಿರುಗಿ ಕೈಗೆ ಬಡಿಯುತ್ತದೆ. ಎಷ್ಟು ಮಂದಿಯ ಮುಂಗೈ ಮೂಳೆ ಹೀಗೆ ಮುರಿಯಿತೆಂದರೆ, ವೈದ್ಯರ ಪುಸ್ತಕಗಳಲ್ಲಿ ಆ ಮುರಿತ ಇಂದಿಗೂ ಕಾರು ಓಡಿಸುವವರ ಹೆಸರಲ್ಲೇ ಇದೆ: ಶೋಫರ್ಸ್ ಫ್ರ್ಯಾಕ್ಚರ್!

ಅದಕ್ಕೇ ಬಲ್ಲವರು ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಸುತ್ತಿ ಹಿಡಿಯುವಂತಿಲ್ಲ. ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಲೇಬಾರದು. ಹ್ಯಾಂಡಲ್ ಹಿಂದಕ್ಕೆ ಒದ್ದರೂ ಕೈ ಜಾರಿ ಪಾರಾಗುತ್ತದೆ!

ಈಗ ಬಾನೆಟ್ ಎತ್ತಿ ನೋಡೋಣ. ಲಿವರಿನಿಂದ ಒಂದು ಉದ್ದನೆಯ ಸರಳು ಸ್ಟಿಯರಿಂಗ್ ಕಂಬದ ಉದ್ದಕ್ಕೂ ಕೆಳಗಿಳಿಯುತ್ತದೆ. ಅದರ ತುದಿಗೆ ಒಂದು ತೆಳ್ಳನೆಯ ಕಬ್ಬಿಣದ ರಾಡ್. ಆ ರಾಡ್ ಎಂಜಿನ್ನಿನ ಮುಂಭಾಗದ ಟೈಮರ್ ಎಂಬ ಡಬ್ಬಿಯನ್ನು ತುಸುವೇ ಆಚೀಚೆ ತಿರುಗಿಸುತ್ತದೆ. ಡಬ್ಬಿಯೊಳಗೆ ಒಂದು ಪುಟ್ಟ ರೋಲರ್ ಗಿರಗಿರ ಸುತ್ತುತ್ತಾ ನಾಲ್ಕು ಲೋಹದ ತುಂಡುಗಳನ್ನು ಸರದಿಯಂತೆ ಮುಟ್ಟುತ್ತದೆ. ಮುಟ್ಟಿದಾಗೆಲ್ಲ ಒಂದೊಂದು ಸಿಲಿಂಡರಿಗೆ ಕಿಡಿ. ಇಡೀ ಕಾರಿನ ಜೀವ ಒಂದು ಕಡ್ಡಿಯ ತುದಿಯಲ್ಲಿ!

ಆ ರಾಡಿನ ಉದ್ದ ಹೆಚ್ಚುಕಮ್ಮಿ ಆದರೆ ಸರಿಮಾಡುವುದು ಹೇಗೆ? ಸ್ಕ್ರೂ ತಿರುಗಿಸಬೇಕೇ? ನಟ್ ಸಡಿಲಿಸಬೇಕೇ? ಎರಡೂ ಅಲ್ಲ. ರಾಡನ್ನೇ ಬಗ್ಗಿಸಬೇಕು! ಹೌದು, ಹಾಗೇ ಬಗ್ಗಿಸಿ ಹೊಂದಿಸುವುದೇ ಸರಿಯಾದ ಕ್ರಮ. ಇಷ್ಟು ಸರಳವಾದ ಜಾಣತನ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅಳತೆಯೂ ಇದೆ. ಲಿವರ್ ಪೂರ್ತಿ ಮೇಲಿರಲಿ. ಹಳೆಯ ರೋಲರ್ ಟೈಮರನ್ನು ಹಿಡಿದಿಡುವ ಬೋಲ್ಟಿನ ನಡುಮಧ್ಯದಿಂದ ರಾಡ್ ಸಿಕ್ಕಿಸುವ ತೂತಿನ ನಡುಮಧ್ಯಕ್ಕೆ ಎರಡೂವರೆ ಇಂಚು. ಇಲ್ಲವೇ? ಬಗ್ಗಿಸಿ!

ಸರಿಯಾಗಿದೆಯೋ ಇಲ್ಲವೋ ತಿಳಿಯಲು ದುಬಾರಿ ಉಪಕರಣ ಬೇಡ, ಕಿವಿ ಸಾಕು! ಮಾಡೆಲ್ ಟಿ ಕಾರಿಗೆ ಒಂದಲ್ಲ, ನಾಲ್ಕು ಇಗ್ನಿಷನ್ ಕಾಯಿಲ್. ಮರದ ಪೆಟ್ಟಿಗೆಯಲ್ಲಿ ಕೂತಿರುವ ಇವು ಕಿಡಿ ಕೊಡುವಾಗ ಜೇನ್ನೊಣದಂತೆ ಝುಂಯ್ ಎನ್ನುತ್ತವೆ. ಮೊದಲು ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿಡಿ, ಎಂಜಿನ್ ತಾನಾಗಿ ಹೊತ್ತಿಕೊಳ್ಳಬಾರದು. ಬ್ಯಾಟರಿಗೆ ಸ್ವಿಚ್ ಹಾಕಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ಉರಿಯಬೇಕಾದ ಸಿಲಿಂಡರಿನ ಪಿಸ್ಟನ್ ಮೇಲೇರಿ ಇನ್ನೇನು ಇಳಿಯತೊಡಗಿತು ಎನ್ನುವಾಗ ಝೇಂಕಾರ ಶುರುವಾದರೆ ಟೈಮಿಂಗ್ ಸರಿಯಿದೆ. ಅದಕ್ಕೆ ಮುಂಚೆಯೇ ಶುರುವಾದರೆ ಕೈಗೆ ಅಪಾಯ!

ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್ ಅಂದೆವಲ್ಲ, ನಮ್ಮ ಇಂದಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲೂ ಇರುವುದು ಅದೇ ಏರ್ಪಾಡು. ನೂರು ವರ್ಷ ಸುತ್ತಿ ಮತ್ತೆ ಅಲ್ಲಿಗೇ ಬಂದೆವು!

ಹಳೆಯ ಕಾರಿನಲ್ಲಿ ಲಿವರ್ ಸುಳ್ಳು ಹೇಳುತ್ತದೆ. ಕೀಲುಗಳ ತೂತು ಸವೆದು ಅಲ್ಲಷ್ಟು ಇಲ್ಲಷ್ಟು ಸಡಿಲ ಬಂದಿರುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟೇ ಇರಬಹುದು, ಎಲ್ಲ ಕೂಡಿದರೆ ದೊಡ್ಡದೇ. ಮೇಲೆ ಲಿವರ್ ತುಸು ಜರುಗಿದರೂ ಕೆಳಗೆ ಟೈಮರ್ ಕದಲಿರುವುದೇ ಇಲ್ಲ! ಇಂಥ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರು ರಾಡ್ ಬಗ್ಗಿಸುವ ಮೊದಲು ಈ ಸವೆತ ನೋಡಲೇಬೇಕು.

ಇನ್ನೊಂದು ಕೇಳಿ. ಫ್ಲೈವೀಲಿಗೆ 16 ಆಯಸ್ಕಾಂತಗಳನ್ನು ಜೋಡಿಸಿ ಫೋರ್ಡ್ ಕಾರು ತನ್ನ ಕರೆಂಟನ್ನು ತಾನೇ ತಯಾರಿಸುತ್ತಿತ್ತು. ಆ ಕರೆಂಟು ಅಲೆ ಅಲೆಯಾಗಿ ಬರುತ್ತದೆ, ಒಂದು ಸುತ್ತಿಗೆ 16 ಅಲೆ. ಹಾಗಾಗಿ ನೀವು ಲಿವರನ್ನು ಎಷ್ಟೇ ನಯವಾಗಿ ಎಳೆದರೂ ಕಿಡಿ ನಯವಾಗಿ ಜರುಗುವುದಿಲ್ಲ. ಮುಂದಿನ ಅಲೆಗೆ, ಅಂದರೆ ಸುಮಾರು 22 ಡಿಗ್ರಿಯಷ್ಟು ದೂರಕ್ಕೆ, ಒಮ್ಮೆಲೇ ಜಿಗಿಯುತ್ತದೆ!

ಫೋರ್ಡ್ ಮಾತ್ರವಲ್ಲ. ಆ ಕಾಲದ ರೋಲ್ಸ್ ರಾಯ್ಸ್ ಸ್ಟಿಯರಿಂಗಿನ ನಡುವೆಯೂ ಇಂಥ ಲಿವರ್ ಇತ್ತು. ಅದು ಸರಿಯುವ ಹಾದಿಯ ಒಂದು ತುದಿಯಲ್ಲಿ ‘ಅರ್ಲಿ’, ಇನ್ನೊಂದು ತುದಿಯಲ್ಲಿ ‘ಲೇಟ್’ ಎಂದು ಕೆತ್ತಿರುತ್ತಿದ್ದರು. ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿಗೆ ಹೋದರೆ ಫಳಫಳ ಹೊಳೆಯುವ ದೀಪಗಳನ್ನಷ್ಟೇ ನೋಡಿ ಬರಬೇಡಿ. ಸ್ಟಿಯರಿಂಗ್ ಚಕ್ರಗಳ ಮೇಲೂ ಕಣ್ಣು ಹಾಯಿಸಿ, ಲಿವರ್ ಹುಡುಕಿ!

1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು, ಹ್ಯಾಂಡಲಿನ ಭಯ ತಗ್ಗಿತು. ಆದರೂ ಕಿಡಿಯ ಲಿವರ್ ಜಾಗ ಬಿಡಲಿಲ್ಲ. ಮಾಡೆಲ್ ಟಿ ನಂತರ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲೂ ಅದು ಸ್ಟಿಯರಿಂಗಿನ ಎಡಕ್ಕೇ ಕೂತಿತ್ತು!

ಎಲ್ಲಕ್ಕಿಂತ ದೊಡ್ಡ ಮೋಡಿ ಬೇರೆಯೇ ಇದೆ. ಬಿಸಿಯಾಗಿರುವ ಮಾಡೆಲ್ ಟಿ ಕಾರನ್ನು ಈಗಷ್ಟೇ ನಿಲ್ಲಿಸಿದ್ದೀರಿ. ಒಂದು ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಉಳಿದಿದೆ, ಅದರ ಪಿಸ್ಟನ್ ಇಳಿಯುವ ಹಾದಿಯಲ್ಲಿ ಸರಿಯಾದ ಜಾಗದಲ್ಲೇ ನಿಂತಿದೆ. ಸ್ವಿಚ್ಚನ್ನು ಬ್ಯಾಟರಿಗೆ ಹಾಕಿ, ಸೀಟಿನಲ್ಲಿ ಕೂತೇ ಎಡಗಡೆಯ ಲಿವರ್ ಅಲ್ಲಾಡಿಸುತ್ತೀರಿ. ಟೈಮರಿನ ಲೋಹದ ತುಂಡು ರೋಲರಿಗೆ ತಾಗುತ್ತದೆ. ಕಾಯಿಲ್ ಝುಂಯ್ ಎನ್ನುತ್ತದೆ. ಹ್ಯಾಂಡಲ್ ಇಲ್ಲ, ಸ್ಟಾರ್ಟರ್ ಇಲ್ಲ, ಯಾರೂ ಮುಟ್ಟಿಲ್ಲ. ಎಂಜಿನ್ ತಾನೇ ಎದ್ದು ಓಡತೊಡಗುತ್ತದೆ!